ಭೂತಕನ್ನಡಿಯಲ್ಲಿ ವೆನಿಸ್

(ಶಿವಮೊಗ್ಗದ ಗೆಳೆಯರ ಓದುಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ಚಿತ್ರಗಳಿದ್ದವು. ಇಲ್ಲಿ ಅವನ್ನು ಮಾತಿನಲ್ಲೇ ಬಿಡಿಸಬೇಕಾದ್ದರಿಂದ ಅಲ್ಲಲ್ಲಿ ಸ್ವಲ್ಪ ಹಿಗ್ಗಿಸಿದ್ದೇನೆ.)

ಮೊದಲು ಚಿತ್ರದ ಬೆನ್ನನ್ನೇ ತೋರಿಸುತ್ತೇನೆ. ಮುಖ ಆಮೇಲೆ ನೋಡೋಣ.

ಇದು ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ಹಳೇ ಪುಸ್ತಕ ಮಾರುವವರೊಬ್ಬರ ಹತ್ತಿರ, ಮಳೆಗೆ ಉಬ್ಬಿದ ಒಂದು ಆಲ್ಬಮ್ಮಿನೊಳಗೆ. ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಫೋಟೊ. ಅಗಲ ಹತ್ತಿರ ಹತ್ತಿರ ಒಂದು ಗೇಣು. ರಟ್ಟಿನ ಹಿಂದೆ ಇಂಗ್ಲಿಷಿನಲ್ಲಿ, ಹೆಂಗಸಿನದಿರಬಹುದು ಎನ್ನಿಸುವ ಓರೆ ಅಕ್ಷರದಲ್ಲಿ, ‘ವೆನಿಸ್, 1891’ ಎಂದಿದೆ. ಅಷ್ಟೇ. ತೆಗೆದವರ ಹೆಸರಿಲ್ಲ, ಅಂಗಡಿಯ ಮುದ್ರೆ ಇಲ್ಲ. ವೆನಿಸ್ಸಿನ ಚಿತ್ರ ಬೆಂಗಳೂರಿಗೆ ಹೇಗೆ ಬಂತು ಎಂದು ಬಹಳ ಅಚ್ಚರಿಪಡಬೇಕಾಗಿಲ್ಲ. 1870ರಿಂದ ಇಂಗ್ಲೆಂಡ್ ಮತ್ತು ಭಾರತದ ನಡುವಿನ ಟಪಾಲು ಇಟಲಿಯ ಬ್ರಿಂದಿಸಿ ಬಂದರಿನ ಮೂಲಕ ಓಡಾಡುತ್ತಿತ್ತು. ಆ ದಾರಿಯಲ್ಲಿ ಬರುವ ಸಾಹೇಬರು ಮಧ್ಯೆ ನಾಲ್ಕು ದಿನ ವೆನಿಸ್ ನೋಡಿ, ಹತ್ತಿಪ್ಪತ್ತು ಫೋಟೊ ಕೊಂಡು, ಪೆಟ್ಟಿಗೆಯ ತಳಕ್ಕೆ ಹಾಕಿ ಕಂಟೋನ್ಮೆಂಟಿಗೆ ತಂದಿರುವುದು ಸಹಜವೇ.

ಹಾಗಾದರೆ ಚಿತ್ರ 1891ರದು ಅನ್ನೋಣವೇ? ನಾನೂ ಹಾಗೇ ಅಂದುಕೊಂಡಿದ್ದೆ. ಸುಮಾರು ಎರಡು ವರ್ಷ ಬಂದವರಿಗೆಲ್ಲ ಹಾಗೇ ಹೇಳಿ ತೋರಿಸಿದ್ದೆ ಕೂಡ. ಈಗ ಮುಖ ನೋಡಿ.

ಎದುರಿಗೆ ದೊಡ್ಡ ಕಾಲುವೆ, ಕನಾಲ್ ಗ್ರಾಂದೆ. ಎರಡೂ ಬದಿಗೆ ಅರಮನೆಗಳು ನೀರಿನಿಂದಲೇ ಎದ್ದುಬಂದಂತೆ ನಿಂತಿವೆ. ದೂರದಲ್ಲಿ ಬಲಗಡೆ ದೊಡ್ಡ ಗುಮ್ಮಟ. ಅದು ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚು. 1630ರ ಪ್ಲೇಗಿನಲ್ಲಿ ಊರು ಹೊತ್ತ ಹರಕೆಗೆ ಕಟ್ಟಿದ್ದು. ಬಲ ಕೆಳಮೂಲೆಯಲ್ಲಿ ನೀರಿಗಿಳಿಯುವ ಮೆಟ್ಟಿಲು, ಅದರ ಹತ್ತಿರ ಕಂಬಕ್ಕೆ ಕಟ್ಟಿದ ಎರಡು ಗೊಂದೊಲಾ ದೋಣಿ. ಇಡೀ ಕಾಲುವೆಯಲ್ಲಿ ಬೇರೆ ಒಂದು ನರಪಿಳ್ಳೆಯೂ ಇದ್ದಂತೆ ಕಾಣುವುದಿಲ್ಲ.

ಹಳೇ ಫೋಟೊ ಕೈಗೆ ಬಂದರೆ ನಾವು ಮೊದಲು ಕೇಳುವುದು ‘ಇದರಲ್ಲಿ ಏನಿದೆ’ ಎಂದು. ನಮ್ಮಪ್ಪ ಸಾಗರದಲ್ಲಿ ಮೂವತ್ತೆಂಟು ವರ್ಷ ಸ್ಟುಡಿಯೋ ನಡೆಸಿದವರು. ಅವರು ಯಾರದೇ ಫೋಟೊ ಕೈಗೆ ತೆಗೆದುಕೊಂಡರೂ ಮೊದಲು ಕೇಳುತ್ತಿದ್ದುದು ಬೇರೆ: ‘ಇವ ಎಲ್ಲಿ ನಿಂತು ತೆಗ್ದಾ ಮಾರಾಯಾ?’ ಆ ಪ್ರಶ್ನೆಯನ್ನೇ ಇಲ್ಲಿ ಕೇಳೋಣ. ಕ್ಯಾಮೆರಾ ಕಾಲುವೆಯ ನಟ್ಟನಡುವೆ ಇದೆ. ನೀರಿನಿಂದ ಮೇಲೆ, ಒಂದು ಮನೆಯ ಮಾಳಿಗೆಯಷ್ಟು ಎತ್ತರದಲ್ಲಿದೆ. ದೋಣಿಯಲ್ಲಿ ಮುಕ್ಕಾಲಿ ಊರಲಿಕ್ಕಾಗದು. ಊರಿದರೂ ಗುಮ್ಮಟದ ಗೆರೆ ಇಷ್ಟು ಚೂಪಾಗಿ ಬರದು. ಅಂದರೆ ಅಲ್ಲಿ ಸೇತುವೆ ಇತ್ತು. ಕನಾಲ್ ಗ್ರಾಂದೆಗೆ ನೂರಾರು ವರ್ಷ ಇದ್ದದ್ದು ರಿಯಾಲ್ತೋ ಎಂಬ ಒಂದೇ ಒಂದು ಸೇತುವೆ, ಅದು ಇಲ್ಲಿಂದ ಕಾಣದ ತಿರುವಿನಲ್ಲಿದೆ. ಈ ಜಾಗದಲ್ಲಿ ಸೇತುವೆ ಬಂದದ್ದು 1854ರಲ್ಲಿ. ಊರು ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ನೆವಿಲ್ ಎಂಬ ಎಂಜಿನಿಯರು ಅಕಾದೆಮಿಯಾ ಚಿತ್ರಶಾಲೆಯ ಎದುರು ಒಂದು ಕಬ್ಬಿಣದ ಸೇತುವೆ ಹಾಕಿದ. ಊರಿನವರು ಅದನ್ನು ಮನಸಾರೆ ಬೈದರು, ಚಂದವಿಲ್ಲ ಎಂದು. 1933ರಲ್ಲಿ ಅದನ್ನು ಕಿತ್ತು ಮರದ್ದು ಹಾಕಿದರು. ಚಂದವಿಲ್ಲದ ಆ ಸೇತುವೆ ಇಲ್ಲದಿದ್ದರೆ ವೆನಿಸ್ಸಿನ ಅತಿ ಚಂದದ ಈ ನೋಟ ಯಾವ ಫೋಟೊದಲ್ಲೂ ಇರುತ್ತಿರಲಿಲ್ಲ. ಅದರ ಮೇಲೆ ನಿಂತು ತೆಗೆದ ಚಿತ್ರದಲ್ಲಿ ಅದು ಮಾತ್ರ ಕಾಣುವುದಿಲ್ಲ ನೋಡಿ.

ಸರಿ, 1854ಕ್ಕಿಂತ ಈಚೆ. ಎಷ್ಟು ಈಚೆ? ಬಲದಂಡೆಯಲ್ಲಿ ಒಂದು ಸಣ್ಣ ಬಯಲು ದಾಟಿದ ಕೂಡಲೇ ಬರುವ ಮನೆ ಪಲಾತ್ಸೋ ಬಾರ್ಬರಿಗೊ. ಇವತ್ತು ವೆನಿಸ್ಸಿಗೆ ಹೋದವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಮುಂಗೋಡೆ ಪೂರ್ತಿ ಚಿನ್ನದ ಹಿನ್ನೆಲೆಯ ಗಾಜಿನ ಮೊಸಾಯಿಕ್. ಅದನ್ನು ಗಾಜಿನ ಕಂಪನಿಯೊಂದು 1886ರಲ್ಲಿ ತನ್ನ ಸರಕಿನ ಜಾಹೀರಾತಿನ ಹಾಗೆ ಮೆತ್ತಿಸಿತು. ನನ್ನ ಚಿತ್ರದಲ್ಲಿ ಭೂತಕನ್ನಡಿ ಇಟ್ಟು ನೋಡಿದರೆ ಅಲ್ಲಿ ಬೋಳು ಗೋಡೆ. ಅಂದರೆ ಕ್ಯಾಮೆರಾದೊಳಗಿನ ನೆಗೆಟಿವ್ ಗಾಜಿನ ಮೇಲೆ ಈ ನೋಟ ಬಿದ್ದದ್ದು 1886ಕ್ಕಿಂತ ಹಿಂದೆ. ರಟ್ಟಿನ ಬೆನ್ನಿಗೆ ಬರೆದ 1891 ಏನು? ಅದು ಕೊಂಡ ವರ್ಷ. ಎರಡು ವರ್ಷ ನಾನು ಜನರಿಗೆ ಹೇಳಿದ್ದು ಅಂಗಡಿಯ ತಾರೀಖು.

ಒಂದು ಎಚ್ಚರಿಕೆ. ಕಾಲುವೆಯಲ್ಲಿ ಮೊದಲ ಸ್ಟೀಮ್ ಬೋಟ್, ಈಗಿನ ವಪೊರೆತ್ತೊ, ಓಡಿದ್ದು 1881ರಲ್ಲಿ. ಅನ್ನ ಹೋಗುತ್ತದೆ ಎಂದು ಗೊಂದೊಲಾ ಅಂಬಿಗರು ಅದೇ ವರ್ಷ ನವೆಂಬರಿನಲ್ಲಿ ಮುಷ್ಕರ ಹೂಡಿದರು. ನನ್ನ ಚಿತ್ರದಲ್ಲಿ ಸ್ಟೀಮ್ ಬೋಟ್ ಇಲ್ಲ. ಆದ್ದರಿಂದ 1881ಕ್ಕೂ ಹಿಂದಿನದು ಎಂದುಬಿಡಲು ಆಸೆಯಾಗುತ್ತದೆ. ಅನ್ನಬಾರದು. ಇರುವ ಬೋಳು ಗೋಡೆ ಸಾಕ್ಷಿ ಹೇಳುತ್ತದೆ. ಇಲ್ಲದ ದೋಣಿ ಊಟಕ್ಕೆ ಹೋಗಿದ್ದಿರಬಹುದು.

ಇನ್ನು ತೆಗೆದವರು ಯಾರು? ಇದರಲ್ಲಿ ಹೆಸರಿಲ್ಲ ಎಂದೆ. ಹೆಸರಿದ್ದರೂ ಸುಲಭವಲ್ಲ. ಆ ಕಾಲದ ವೆನಿಸ್ಸಿನಲ್ಲಿ ಇಬ್ಬರು ಕಾರ್ಲೋಗಳಿದ್ದರು. ಕಾರ್ಲೋ ಪೊಂತಿ ಕನ್ನಡಕ, ಮಸೂರಗಳ ವ್ಯಾಪಾರಿ, ಸ್ವಿಜರ್ಲೆಂಡಿನ ಇಟಾಲಿಯನ್ ಭಾಗದಿಂದ ಬಂದವ. ಕಾರ್ಲೋ ನಾಯಾ ಕಾನೂನು ಓದಿದವ, ಸೋದರ ಜೊವಾನ್ನಿಯ ಜೊತೆ ಯುರೋಪು, ಏಷ್ಯಾ, ಉತ್ತರ ಆಫ್ರಿಕಾ ಸುತ್ತಿ, ಸೋದರ ತೀರಿಕೊಂಡ ಮೇಲೆ 1857ರಲ್ಲಿ ವೆನಿಸ್ಸಿನಲ್ಲಿ ನೆಲೆ ನಿಂತವ. ಮೊದಮೊದಲು ನಾಯಾ ತೆಗೆದದ್ದನ್ನು ಪೊಂತಿ ತನ್ನ ಅಂಗಡಿಯಲ್ಲಿ ಮಾರುತ್ತಿದ್ದ. ಹಾಗಾಗಿ ಪೊಂತಿಯ ಮುದ್ರೆ ಕಂಡ ಕೂಡಲೇ ಪೊಂತಿ ತೆಗೆದ ಎನ್ನಲಾಗದು. ಆಮೇಲೆ ಇಬ್ಬರಿಗೂ ಕೆಟ್ಟಿತು, ನಕಲು ಮಾಡಿದ ವಿಚಾರಕ್ಕೆ ಕೋರ್ಟು ಮೆಟ್ಟಿಲು ಹತ್ತಿದರು. ನಾಯಾ ಸಾನ್ ಮಾರ್ಕೋ ಚೌಕದಲ್ಲೇ ಸ್ವಂತ ಅಂಗಡಿ ಹಾಕಿದ. 1882ರಲ್ಲಿ ಆತ ತೀರಿಕೊಂಡ, ಅಂಗಡಿ ತೀರಲಿಲ್ಲ. ಹೆಂಡತಿ ಈದಾ, ಅವಳ ನಂತರ ಅವಳ ಎರಡನೇ ಗಂಡ ಅದನ್ನು ದಶಕಗಳ ಕಾಲ ನಡೆಸಿದರು. ಅದೇ ಹಳೇ ಗಾಜುಗಳಿಂದ ಹೊಸ ಪ್ರಿಂಟು ಹಾಕುತ್ತ ‘ನಾಯಾ’ ಎಂದೇ ಮಾರಾಟವಾಯಿತು. ಸತ್ತವನ ಸಹಿಯಲ್ಲಿ ಹೊಸ ಚಿತ್ರ. ನಮ್ಮಲ್ಲೂ ಅಪ್ಪ ಹೋದ ಮೇಲೆ ಬೋರ್ಡು ಬದಲಾಯಿಸದೆ ಅಣ್ಣ ಆರು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದ. ಹೊದಿಕೆಯ ಮೇಲೆಲ್ಲ ಅಪ್ಪನ ಹೆಸರೇ.

ಈಗ ಆ ಖಾಲಿತನಕ್ಕೆ ಬರೋಣ. ನಾನು ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದೇ.

ಈ ಚಿತ್ರ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಎಂಥ ಮೌನ, ಊರೇ ನಿದ್ದೆ ಹೋದಂತಿದೆ. ವೆನಿಸ್ ಅಂದರೆ ಸತ್ತ ರಾಣಿ, ಕನಸಿನ ಊರು ಎಂಬ ಕಲ್ಪನೆ ಕವಿಗಳಲ್ಲಿ ಮೊದಲೇ ಇತ್ತು. 1797ರಲ್ಲಿ ಗಣರಾಜ್ಯ ನೆಪೋಲಿಯನ್ನನಿಗೆ ಶರಣಾದ ಮೇಲೆ ಅದು ಇನ್ನೂ ಬಲಿಯಿತು. ಆದರೆ ಈ ಚಿತ್ರದ ಮೌನವನ್ನು ಮಾಡಿದ್ದು ಚರಿತ್ರೆಗಿಂತ ಹೆಚ್ಚಾಗಿ ಒಂದು ಗಾಜಿನ ತುಂಡು.

1851ರಲ್ಲಿ ಬಂದ ಕೊಲೋಡಿಯನ್ ವಿಧಾನ ಇದು. ಗಾಜಿನ ಮೇಲೆ ಅಂಟಾದ ದ್ರಾವಣ ಹರಡಿ, ಬೆಳ್ಳಿಯ ಉಪ್ಪಿನಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕು. ಹಸಿ ಇರುವಾಗಲೇ ತೊಳೆದು ಚಿತ್ರ ಎಬ್ಬಿಸಬೇಕು. ಒಣಗಿತೋ, ಕೆಲಸ ಕೆಟ್ಟಿತು. ಹತ್ತು ನಿಮಿಷದ ಆಟ. ದೋಸೆ ಹೊಯ್ದವರಿಗೆ ಈ ಅವಸರ ಅರ್ಥವಾಗುತ್ತದೆ. ಇಷ್ಟೆಲ್ಲ ಮಾಡಿ ಮಸೂರ ತೆರೆದರೆ ಒಂದು ನೋಟ ಮೂಡಲು ಹಲವು ಸೆಕೆಂಡು ಬೇಕು. ಕಲ್ಲು ಅಷ್ಟು ಹೊತ್ತು ನಿಲ್ಲುತ್ತದೆ. ಮನುಷ್ಯ ನಿಲ್ಲುವುದಿಲ್ಲ. ತರಕಾರಿ ದೋಣಿ, ಮೀನಿನ ದೋಣಿ, ಕಟ್ಟಿಗೆ ದೋಣಿ, ಹರಟುತ್ತ ಸಾಗುವ ಅಂಬಿಗರು ಎಲ್ಲ ಗಾಜಿನ ಎದುರೇ ಹಾದುಹೋಗುತ್ತಾರೆ, ಯಾರೂ ಅಂಟಿಕೊಳ್ಳುವುದಿಲ್ಲ.

ಇಲ್ಲಿ ಎಷ್ಟು ಸೆಕೆಂಡು? ದೋಣಿಯನ್ನೇ ಕೇಳಬೇಕು. ಕಟ್ಟಿದ ಗೊಂದೊಲಾದ ಮೂತಿಗೆ ಲೋಹದ ಬಾಚಣಿಗೆಯಂಥದ್ದು ಇರುತ್ತದಲ್ಲ, ಫೆರ್ರೋ, ಅದು ಈ ಚಿತ್ರದಲ್ಲಿ ಎರಡೆರಡಾಗಿ ಕಾಣುತ್ತದೆ. ಪಕ್ಕದ ಮೆಟ್ಟಿಲಿನ ಅಂಚು ಬ್ಲೇಡಿನ ಹಾಗೆ ಚೂಪು. ಅಂದರೆ ಮುಕ್ಕಾಲಿ ಅಲುಗಿಲ್ಲ, ದೋಣಿ ತೂಗಿದೆ. ಒಂದು ಸಲ ಹೀಗೆ ಒಂದು ಸಲ ಹಾಗೆ ವಾಲಲು ಬೇಕಾದಷ್ಟು ಹೊತ್ತು ಮಸೂರ ತೆರೆದಿತ್ತು. ನೀರನ್ನೂ ನೋಡಿ, ಅಲೆಯೇ ಇಲ್ಲ, ಹಾಲಿನ ಕೆನೆಯ ಹಾಗಿದೆ. ಗಾಳಿಯಿಲ್ಲದ ದಿನ ಅಂದುಕೊಳ್ಳಬೇಡಿ. ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ಸಮತಟ್ಟಾಗಿವೆ. ನಾವು ‘ನಿಶ್ಚಲ ನೀರು’ ಎಂದು ಕರೆಯುವುದು ನೂರಾರು ಅಲೆಗಳ ಸರಾಸರಿ.

ಬಣ್ಣದ ಕಥೆ ಇನ್ನೂ ಸ್ವಾರಸ್ಯ. ಆ ಗಾಜಿಗೆ ನೀಲಿಯೊಂದೇ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಎಂಬ ಬಣ್ಣ ಲೋಕದಲ್ಲಿದೆ ಎಂದೇ ಅದಕ್ಕೆ ಗೊತ್ತಿಲ್ಲ. ನೀಲಿ ಆಕಾಶ ಅತಿಯಾಗಿ ಬೆಳಗಿ ಬರೀ ಬಿಳಿಯಾಗುತ್ತದೆ. ಈ ಚಿತ್ರದಲ್ಲಿ ಮೋಡ ಇಲ್ಲದಿರುವುದು ಅದಕ್ಕೇ. ಕೆಂಪು ಹೆಚ್ಚುಕಡಿಮೆ ಕಪ್ಪಾಗುತ್ತದೆ. ವೆನಿಸ್ ಎಂಥ ಊರು? ಇಟ್ಟಿಗೆಯ ಊರು. ಕೆಮ್ಮಣ್ಣಿನ ಬಣ್ಣದ ಗಾರೆ, ಗುಲಾಬಿ ಗೋಡೆ, ಹಂಚಿನ ಮಾಡು. ಸಂಜೆ ಬಿಸಿಲಿಗೆ ಊರೇ ಕೆಂಪೇರುತ್ತದೆ. ಅದನ್ನೆಲ್ಲ ಈ ಗಾಜು ಮಸಿ ಮಾಡಿತು. ಗೊಂದೊಲಾಗಳು ಹೇಗೂ ಕಪ್ಪು. ಮಧ್ಯೆ ಕೂರುವವರಿಗೆ ಇದ್ದ ಫೆಲ್ಸೆ ಎಂಬ ಕಪ್ಪು ಗೂಡು ಬೇರೆ. ಬಿಳಿ ಆಕಾಶದಡಿ ಕಪ್ಪು ಗೋಡೆ, ಕಪ್ಪು ದೋಣಿ, ಜನವಿಲ್ಲ. ಸೂತಕದ ಮನೆಯ ಹಾಗೆ ಕಾಣದೆ ಇನ್ನೇನು!

ಕಾಗದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ಆಲ್ಬುಮೆನ್ ಪ್ರಿಂಟು. ಮೊಟ್ಟೆಯ ಬಿಳಿಲೋಳೆಯನ್ನು ಕಾಗದಕ್ಕೆ ಬಳಿದು, ಬೆಳ್ಳಿಯ ಉಪ್ಪು ಹಾಯಿಸಿ, ನೆಗೆಟಿವ್ ಗಾಜಿನಡಿ ಇಟ್ಟು ಬಿಸಿಲಿಗೆ ಹಿಡಿಯುವುದು. 1888ರ ಹೊತ್ತಿಗೆ ಜರ್ಮನಿಯ ದ್ರೆಸ್ಡೆನ್ನಿನ ಕಾಗದದ ಕಾರ್ಖಾನೆಯೊಂದೇ ದಿನಕ್ಕೆ ಸುಮಾರು 60,000 ಮೊಟ್ಟೆ ಒಡೆಯುತ್ತಿತ್ತು. ಈ ಹಳದಿ ಛಾಯೆ ಆ ಮೊಟ್ಟೆಯ ಮುಪ್ಪು. ನಮ್ಮಮ್ಮ ಮನೆಯೊಳಗೆ ಮೊಟ್ಟೆ ತರಲು ಬಿಟ್ಟವರಲ್ಲ. ಈ ಚಿತ್ರವನ್ನು ಮಾತ್ರ ದೇವರ ಕೋಣೆಗೆ ತಾಗಿದ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ನಾನು ಬಾಯಿ ಬಿಡಲಿಲ್ಲ.

ಇದೇ ಕಾಲದ ನಮ್ಮ ಚಿತ್ರಗಳನ್ನೂ ಇಲ್ಲಿ ನೆನೆಯಬೇಕು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಹಂಪೆಯನ್ನು ಚಿತ್ರ ತೆಗೆದ. ಅವನದು ಗಾಜಲ್ಲ, ಮೇಣ ಹಾಕಿದ ಕಾಗದದ ನೆಗೆಟಿವ್, ಇನ್ನೂ ನಿಧಾನ. ಆ ಚಿತ್ರಗಳನ್ನು ನೋಡಿದಾಗಲೆಲ್ಲ ‘ಹಾಳು ಹಂಪೆ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹಂಪೆ ಹಾಳಾಗಿದ್ದು ನಿಜ. ಆದರೆ ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ, ಸುತ್ತ ಗದ್ದೆ ಇತ್ತು, ದನ ಮೇಯುತ್ತಿದ್ದವು. ಅಷ್ಟು ಹೊತ್ತು ತೆರೆದ ಕ್ಯಾಮೆರಾಕ್ಕೆ ನಡೆದಾಡುವವರು ದಕ್ಕುವುದಿಲ್ಲ. ಆ ಚಿತ್ರಗಳ ಖಾಲಿತನದಲ್ಲಿ ತಾಳೀಕೋಟೆಯ ಪಾಲೆಷ್ಟು, ಮೇಣದ ಕಾಗದದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಬೇಕು.

ಈಗ ಎರಡನೇ ಚಿತ್ರ. ಇದು ನನ್ನದಲ್ಲ, ನಾಯಾನ ಹೆಸರುವಾಸಿ ಬೆಳದಿಂಗಳ ಚಿತ್ರಗಳ ಮಾದರಿ. ಸಾನ್ ಮಾರ್ಕೋಗೆ ತಾಗಿದ ಸಣ್ಣ ಚೌಕ ಪಿಯಾತ್ಸೆತ್ತಾದ ಕಟ್ಟೆಯಿಂದ ಎದುರು ದ್ವೀಪದ ಸಾನ್ ಜೋರ್ಜೊ ಚರ್ಚನ್ನು ನೋಡುತ್ತಿದ್ದೇವೆ. ನೀಲಿ ಬಣ್ಣ. ಮೋಡದ ಸಂದಿಯಲ್ಲಿ ಚಂದ್ರ. ನೀರಿನ ಮೇಲೆ ಬೆಳ್ಳಿಯ ದಾರಿ. ದೀಪದ ಕಂಬಗಳಲ್ಲಿ ಬೆಳಕು. ಸಭೆಯಲ್ಲಿ ಇದು ಪರದೆಗೆ ಬಂದಾಗ ‘ಆಹಾ’ ಎಂದ ಸದ್ದು ಕೇಳಿಸಿತು. 1870ರ ದಶಕದಲ್ಲಿ ಅಂಗಡಿಗೆ ಬಂದವರೂ ಹಾಗೇ ‘ಆಹಾ’ ಎಂದು ದುಡ್ಡು ಬಿಚ್ಚಿದರು.

ಒಂದು ಲೆಕ್ಕ ಹಾಕೋಣ, ಮನೆಪಾಠದಂಥದ್ದು. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಬಿಸಿಲಿನಲ್ಲಿ ಒಂದು ನೋಟಕ್ಕೆ ಎರಡೇ ಸೆಕೆಂಡು ಸಾಕು ಎಂದುಕೊಳ್ಳಿ, ನಾಯಾನಿಗೆ ಉದಾರವಾಗಿಯೇ ಬಿಟ್ಟುಕೊಡೋಣ. ಬೆಳದಿಂಗಳಲ್ಲಿ ಅದೇ ನೋಟಕ್ಕೆ ಎಂಟು ಲಕ್ಷ ಸೆಕೆಂಡು ಬೇಕು. ಅಂದರೆ ಒಂಬತ್ತು ದಿನಕ್ಕೂ ಹೆಚ್ಚು, ಹಗಲೇ ಆಗದ ಒಂಬತ್ತು ದಿನ. ಗಾಜು ಒಣಗಲು ಹತ್ತು ನಿಮಿಷ ಎಂದು ಆಗಲೇ ಹೇಳಿದೆ. ಚಂದ್ರನಾದರೂ ಸುಮ್ಮನಿರುತ್ತಾನೆಯೇ? ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಗುಂಡಗಿನ ಚಂದ್ರ ಬರುವ ಬದಲು ಉದ್ದದ ಸೌತೆಕಾಯಿ ಬರಬೇಕಿತ್ತು.

ಹಾಗಾದರೆ ಇದೇನು? ಹಗಲು. ಕಟ್ಟೆಯಿಂದ ಸಾನ್ ಜೋರ್ಜೊ ಆಗ್ನೇಯಕ್ಕಿದೆ. ಬೆಳಗಿನ ಹೊತ್ತು ಸೂರ್ಯ ಅದೇ ಕಡೆ ಇರುತ್ತಾನೆ. ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಹಿಡಿದರೆ ಕಟ್ಟಡ, ದೋಣಿ ಎಲ್ಲ ಕಪ್ಪು ನೆರಳಾಗುತ್ತವೆ, ನೀರು ಮಿರಿಮಿರಿ ಹೊಳೆಯುತ್ತದೆ. ಅದನ್ನು ಕಡುಗಪ್ಪಾಗಿ ಪ್ರಿಂಟು ಹಾಕಿದರೆ ಅರ್ಧ ರಾತ್ರಿ ಆಯಿತು. ಮೋಡಕ್ಕೆ ಬೇರೆ ನೆಗೆಟಿವ್ ಇರುತ್ತಿತ್ತು, ಅದನ್ನು ಆಕಾಶದ ಜಾಗಕ್ಕೆ ಕೂಡಿಸುವುದು. ಚಂದ್ರನಿಗೆ ನೆಗೆಟಿವ್ ಮೇಲೆ ಗುಂಡಗೆ ಒಂದು ಬೊಟ್ಟು ದಪ್ಪ ಬಣ್ಣ, ಬೆಳಕು ದಾಟದ ಹಾಗೆ. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದಲ್ಲಿ ಬಿಳಿ. ಬೀದಿದೀಪಕ್ಕೂ ಅದೇ ಉಪಾಯ. ಕೊನೆಗೆ ಕಾಗದವನ್ನು ನೀಲಿ ಬಣ್ಣದ ನೀರಿಗೆ ಅದ್ದಿದರೆ ಹುಣ್ಣಿಮೆ ಸಿದ್ಧ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಅಪ್ಪನ ಡಾರ್ಕ್ ರೂಮಿನಲ್ಲಿ ಟಚಿಂಗ್ ಮೇಜಿತ್ತು. ಓರೆ ಗಾಜು, ಕೆಳಗೊಂದು ಕನ್ನಡಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲು. ಸಿಡುಬಿನ ಕಲೆ, ಮೊಡವೆ, ಕಣ್ಣಿನಡಿಯ ಗೆರೆ ಎಲ್ಲ ಆ ಮೇಜಿನ ಮೇಲೆ ಮಾಯವಾಗುತ್ತಿದ್ದವು. ಒಮ್ಮೆ ಒಬ್ಬರು ತೀರಿಹೋದ ಅಣ್ಣನನ್ನು ಕುಟುಂಬದ ಫೋಟೊದಲ್ಲಿ ನಿಲ್ಲಿಸಿಕೊಡಿ ಎಂದು ಬಂದರು. ಅಪ್ಪ ಎರಡು ನೆಗೆಟಿವ್ ಕೂಡಿಸಿ ನಿಲ್ಲಿಸಿಕೊಟ್ಟರು. ಅಣ್ಣನ ನೆರಳು ಎಡಕ್ಕೆ, ಉಳಿದವರದು ಬಲಕ್ಕೆ. ಆ ಮನೆಯವರು ಯಾರೂ ಗಮನಿಸಲಿಲ್ಲ. ಅಪ್ಪನಿಗೆ ಮಾತ್ರ ಕೊನೆಯವರೆಗೂ ಅದು ಕೊರೆಯುತ್ತಿತ್ತು. ಬೆಳದಿಂಗಳ ಚಿತ್ರಗಳಲ್ಲೂ ನಾನು ಮೊದಲು ಹುಡುಕುವುದು ಅದನ್ನೇ. ಚಂದ್ರ ಒಂದು ಕಡೆ, ನೀರಿನ ಹೊಳಪು ಇನ್ನೊಂದು ಕಡೆ ಇದ್ದರೆ ಕೈಕೆಲಸ ಅಲ್ಲಿ ಸಿಕ್ಕಿಬಿದ್ದಿತು. ಚಂದ್ರ ಉತ್ತರ ದಿಕ್ಕಿನಲ್ಲಿ ಎತ್ತರಕ್ಕೆ ಏರಿದ್ದರಂತೂ ಪಂಚಾಂಗವೇ ಬೇಡ. ವೆನಿಸ್ಸಿನ ಆಕಾಶದಲ್ಲಿ ಅವನು ಆ ಕಡೆ ಹೋಗುವುದೇ ಇಲ್ಲ.

ಪೊಂತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಂದು ಯಂತ್ರವನ್ನೇ ಮಾಡಿದ. ಮೆಗಲೆತೊಸ್ಕೋಪ್ ಎಂದು ಹೆಸರು, 1860ರ ದಶಕದ್ದು. ಕೆತ್ತನೆಯ ಮರದ ದೊಡ್ಡ ಪೆಟ್ಟಿಗೆ, ಮುಂದೆ ಬೋಗುಣಿಯಷ್ಟು ಅಗಲದ ಮಸೂರ. ಒಳಗೆ ಹಾಕುವ ಫೋಟೊದ ಹಿಂದೆ ಬಣ್ಣದ ತೆಳುಕಾಗದ, ಕಿಟಕಿ ಮತ್ತು ದೀಪ ಇರುವಲ್ಲಿ ಸೂಜಿಯಿಂದ ಚುಚ್ಚಿದ ತೂತು. ಮುಂದಿನಿಂದ ಬೆಳಕು ಬಿಟ್ಟರೆ ಹಗಲು. ಮುಂದಿನದನ್ನು ಮುಚ್ಚಿ ಹಿಂದಿನಿಂದ ಬಿಟ್ಟರೆ ಅದೇ ಚೌಕ ರಾತ್ರಿಯಾಗಿ, ದೀಪಗಳು ಹೊತ್ತಿಕೊಂಡು, ಹಬ್ಬ ಶುರು. ಜಾತ್ರೆಯಲ್ಲಿ ತೂತಿಗೆ ಕಣ್ಣಿಟ್ಟು ನೋಡುತ್ತಿದ್ದ ಬಯಾಸ್ಕೋಪ್ ಡಬ್ಬಿಯ ಶ್ರೀಮಂತ ಅಣ್ಣ ಎನ್ನಿ.

ಇದನ್ನೆಲ್ಲ ಮೋಸ ಎನ್ನಲು ನನಗೆ ಮನಸ್ಸಿಲ್ಲ. ಕೊಂಡವರಿಗೆ ಗೊತ್ತಿತ್ತು, ಹೆಚ್ಚುಕಡಿಮೆ. ಅವರು ರಾತ್ರಿ ಗೊಂದೊಲಾದಲ್ಲಿ ಕೂತು ಕಂಡದ್ದು ಯಾವ ಗಾಜಿಗೂ ಸಿಗುತ್ತಿರಲಿಲ್ಲ. ಅಂಗಡಿಯವ ಅದನ್ನು ಕೈಯಿಂದ ಮಾಡಿಕೊಟ್ಟ. ಆದರೆ ಗಿರಾಕಿಗೆ ಬೇಕಾದದ್ದು ಬೆಳದಿಂಗಳು, ಅರಮನೆ, ಕಪ್ಪು ದೋಣಿ ಎಂದಾದ ಮೇಲೆ ಉಳಿದ ವೆನಿಸ್ ಪಟ್ಟಿಯಿಂದಲೇ ಬಿದ್ದುಹೋಯಿತು. 1846ರಲ್ಲಿ ಊರಿಗೆ ರೈಲು ಬಂದಿತ್ತು, ಊರನ್ನು ಸುತ್ತಿದ ಹಿನ್ನೀರು ಲಗೂನಿನ ಮೇಲೆ 222 ಕಮಾನಿನ ಸೇತುವೆ ದಾಟಿ. 1884ರಿಂದ ಜುದೆಕ್ಕಾ ದ್ವೀಪದಲ್ಲಿ ಸ್ಟುಕಿಯ ಹಿಟ್ಟಿನ ಗಿರಣಿ ಕೋಟೆಯಷ್ಟು ಎತ್ತರ ಏಳುತ್ತಿತ್ತು. ತಂಬಾಕಿನ ಕಾರ್ಖಾನೆಯಲ್ಲಿ ಹೆಂಗಸರು ದುಡಿಯುತ್ತಿದ್ದರು, ಮನೆಬಾಗಿಲಲ್ಲಿ ಕೂತು ಗಾಜಿನ ಮಣಿ ಪೋಣಿಸುತ್ತಿದ್ದರು. ನಿಧಾನದ ಗಾಜು ಜನರನ್ನು ಅಳಿಸಿತು, ಅವಸರದ ಗಿರಾಕಿ ಅವರ ಕೆಲಸವನ್ನು ಅಳಿಸಿದ. ಎರಡೂ ಸೇರಿ ಕಟ್ಟಿದ ಆ ಖಾಲಿ ಊರನ್ನೇ ಇವತ್ತಿಗೂ ಕ್ಯಾಲೆಂಡರಿನಲ್ಲಿ ನೇತು ಹಾಕುತ್ತೇವೆ.

ಮೋಸ ಎಂದೇ ಕರೆಯಬಹುದಾದ್ದೂ ಒಂದಿದೆ. 1902ರ ಜುಲೈ 14ರ ಬೆಳಿಗ್ಗೆ ಸಾನ್ ಮಾರ್ಕೋದ ಗಂಟೆಗೋಪುರ ಕುಸಿದು ಗುಡ್ಡೆಯಾಯಿತು. ಒಬ್ಬರೂ ಸಾಯಲಿಲ್ಲ, ಕಾವಲುಗಾರನ ಬೆಕ್ಕೊಂದನ್ನು ಬಿಟ್ಟು, ಎನ್ನುತ್ತಾರೆ. ಆಮೇಲೆ ಗೋಪುರ ಬೀಳುತ್ತಿರುವ ಕ್ಷಣದ್ದೇ ಎಂಬ ಪೋಸ್ಟ್‌ಕಾರ್ಡ್ ಬಿಸಿದೋಸೆಯಂತೆ ಖರ್ಚಾಯಿತು. ಹಳೇ ಫೋಟೊಕ್ಕೆ ಧೂಳು, ಬಿರುಕು ಬರೆದು ಮಾಡಿದ್ದು. ‘ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ’ ಎಂಬ ಹಟದಲ್ಲಿ 1912ಕ್ಕೆ ಗೋಪುರವನ್ನು ಮತ್ತೆ ಕಟ್ಟಿದರು. ಆದ್ದರಿಂದ ಗೋಪುರ ಇರುವ ಚಿತ್ರ ಕಂಡರೆ ಹಳೆಯದು ಎಂದು ನಂಬಿಬಿಡಬೇಡಿ, ಹೊಸತೂ ಹಾಗೇ ಕಾಣುತ್ತದೆ.

ಮೂರನೇ ಚಿತ್ರದಲ್ಲಿ ಕೊನೆಗೂ ಒಬ್ಬ ಮನುಷ್ಯಳಿದ್ದಾಳೆ. ಹೆಗಲ ಮೇಲೆ ಬಾಗಿದ ಅಡ್ಡೆ, ಎರಡು ತುದಿಗೆ ತಾಮ್ರದ ಕೊಡ, ತಲೆಗೆ ಟೊಪ್ಪಿ. ನೀರು ಹೊರುವವಳು, ಅಲ್ಲಿನ ಮಾತಿನಲ್ಲಿ ಬಿಗೊಲಾಂತೆ. ಬಿಗೊಲೊ ಎಂದರೆ ಆ ಅಡ್ಡೆ. ಇವರು ಹೆಚ್ಚಾಗಿ ಫ್ರಿಯೂಲಿ, ಕದೋರೆ ಎಂಬ ಬೆಟ್ಟಸೀಮೆಯಿಂದ ಕೂಲಿಗೆ ಬಂದವರು. ನೀರಿನಲ್ಲೇ ನಿಂತ ಊರಿಗೆ ನೀರು ಹೊರುವವಳು ಯಾಕೆ? ಸುತ್ತ ಇರುವುದು ಉಪ್ಪುನೀರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೆನಿಸ್ಸಿನ ಬಯಲುಗಳ ನಡುವೆ ಕಾಣುವ ಕೆತ್ತನೆಯ ಬಾವಿಕಟ್ಟೆಗಳು ಬಾವಿಗಳೇ ಅಲ್ಲ. ನೆಲದಡಿ ಜೇಡಿಮಣ್ಣು ಮೆತ್ತಿದ ದೊಡ್ಡ ಗುಂಡಿ, ಅದರ ತುಂಬ ಮರಳು, ನಡುವೆ ಇಟ್ಟಿಗೆಯ ಕೊಳವೆ. ಬಯಲಿಗೆ ಬಿದ್ದ ಮಳೆನೀರು ತೂತುಕಲ್ಲಿನಿಂದ ಇಳಿದು, ಮರಳಿನಲ್ಲಿ ಸೋಸಿ, ಕೊಳವೆಗೆ ಬರುತ್ತದೆ. ಮಳೆಕೊಯ್ಲು ಎಂದು ಈಗ ನಾವು ಹೇಳುವುದನ್ನು ಅವರು ಊರಿಡೀ ಮಾಡಿದ್ದರು. ಸಾಲದಿದ್ದರೆ ಬ್ರೆಂತಾ ನದಿಯ ಕಡೆಯಿಂದ ದೋಣಿಯಲ್ಲಿ ನೀರು ತಂದು ಸುರಿಯುತ್ತಿದ್ದರು. ಬಾವಿಗೆ ಕಬ್ಬಿಣದ ಮುಚ್ಚಳ, ಬೀಗ. ಗಂಟೆ ಹೊಡೆದಾಗ ಬೀಗ ತೆಗೆದರೆ ಈ ಹೆಂಗಸರ ಓಟ. 1884ರಲ್ಲಿ ನಲ್ಲಿನೀರು ಬಂತು, ಇವರ ಕಸುಬು ಹೋಯಿತು.

ಚಿತ್ರವನ್ನು ಮಾತ್ರ ಇನ್ನೊಮ್ಮೆ ನೋಡಿ. ಸೆರಗಿನಂತೆ ಇಳಿದ ಬಟ್ಟೆ ಇಸ್ತ್ರಿ ಮಾಡಿದಂತಿದೆ. ಕೊಡದಿಂದ ಒಂದು ಹನಿ ತುಳುಕಿಲ್ಲ. ನೆಲ ಒಣ, ಹಿಂದೆ ಬಳಿದ ಪರದೆ. ಸ್ಟುಡಿಯೋಕ್ಕೆ ಕರೆದು ನಿಲ್ಲಿಸಿದ್ದಾರೆ. ಬೀದಿಯಲ್ಲಿ ಓಡುವಾಗ ಅವಳು ಗಾಜಿಗೆ ಸಿಗಲಿಲ್ಲ, ಓಟ ನಿಲ್ಲಿಸಿದ ಮೇಲೆ ಸಿಕ್ಕಳು. ಅಷ್ಟರಲ್ಲಿ ಅವಳು ನೀರು ಹೊರುವುದನ್ನೂ ನಿಲ್ಲಿಸಿದ್ದಳು. ‘ವೆನಿಸ್ಸಿನ ನೀರುಗಾತಿ’ ಎಂಬ ನಮೂನೆಯಾಗಿ ಅಂಗಡಿಯ ಹಲಗೆಗೆ ಏರಿದಳು. ಅವಳ ಹೆಸರು ರಟ್ಟಿನ ಮೇಲೆ ಇಲ್ಲ. ಅದೇ ವರ್ಷಗಳಲ್ಲಿ, 1868ರಿಂದ 1875ರವರೆಗೆ, ಬ್ರಿಟಿಷ್ ಸರ್ಕಾರ ಎಂಟು ಸಂಪುಟದಲ್ಲಿ ನಮ್ಮ ದೇಶದ ‘ಜನಜಾತಿ’ಗಳ ಫೋಟೊ ಪುಸ್ತಕ ಹೊರತಂದಿತು. ನಿಲ್ಲಿಸಿದ ಕ್ರಮ ಒಂದೇ.

ಮಾತು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: ‘ಹಾಗಾದ್ರೆ ಹಳೇ ಫೋಟೊ ನಂಬಲೇಬಾರ್ದಾ?’ ಅವರು ಸರ್ವೆ ಇಲಾಖೆಯಲ್ಲಿದ್ದವರು, ಇಂಥ ಪ್ರಶ್ನೆ ಅವರಿಗೆ ಸಹಜ. ಬಾರ್ಬರಿಗೊದ ಬೋಳು ಗೋಡೆಯನ್ನು ನಂಬಿ ತಾನೇ ನಾನು ಐದು ವರ್ಷ ಹಿಂದಕ್ಕೆ ಹೋದದ್ದು ಎಂದೆ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. 

ಆಮೇಲೆ ಒಂದು ವಿಷಯ ತೋರಿಸುವುದು ಉಳಿದಿತ್ತು. ಮೊದಲ ಚಿತ್ರದ ಬಲ ಕೆಳಮೂಲೆ, ಮೆಟ್ಟಿಲು. ಬರಿಗಣ್ಣಿಗೆ ಏನೂ ಇಲ್ಲ. ಭೂತಕನ್ನಡಿ ಇಟ್ಟರೆ ಮೂರನೇ ಮೆಟ್ಟಿಲ ಮೇಲೆ ಎರಡು ಷೂ ಇವೆ, ಸಾಸಿವೆಯಷ್ಟು. ಷೂ ಮಾತ್ರ. ಅದರ ಮೇಲೆ ಮೊಣಕಾಲಿನವರೆಗೆ ಹೊಗೆಯಂಥ ಒಂದು ಮಸಕು, ಅದರಾಚೆ ಗೋಡೆಯ ಕಲ್ಲುಗಳೇ ಕಾಣುತ್ತವೆ. ಯಾರೋ ಬಂದು ನಿಂತಿದ್ದಾರೆ. ಪಾದ ಊರಿದ ಜಾಗದಲ್ಲೇ ಇತ್ತು, ಮೈ ಅತ್ತಿತ್ತ ಆಡುತ್ತಿತ್ತು. ಮಸೂರ ಮುಚ್ಚುವ ಮೊದಲೇ ಹೊರಟುಹೋದರು. ನಮ್ಮ ಭಾಷೆಯಲ್ಲಿ ಈ ಮಸೂರಕ್ಕೆ ಭೂತಕನ್ನಡಿ ಎಂದು ಯಾರು ಹೆಸರಿಟ್ಟರೋ, ಅವರಿಗೊಂದು ನಮಸ್ಕಾರ.

ಇದನ್ನು ಹೇಳಿ ಮುಗಿಸಿದೆ ಅಂದುಕೊಂಡಿದ್ದೆ. ಹಿಂದಿನ ಸಾಲಿನಿಂದ ಪಿಯುಸಿ ಓದುವ ಒಬ್ಬಳು ಹುಡುಗಿ ಕೈಯೆತ್ತಿದಳು. ‘ಸರ್, ಆ ಷೂ ಯಾವ ಕಡೆ ತಿರುಗಿವೆ?’

ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಅಲ್ಲೇ ಚಿತ್ರವನ್ನು ಟ್ಯೂಬ್‌ಲೈಟಿನಡಿ ಹಿಡಿದು, ಕನ್ನಡಿ ಅವಳ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನೋಡಿದಳು.

‘ನಮ್ಮ ಕಡೆ ಸರ್’ ಎಂದಳು. ‘ಫೋಟೊ ತೆಗೆಯೋನನ್ನೇ ನೋಡ್ತಾ ನಿಂತಿದ್ದಾನೆ.’